ಹಾಸ್ಟೆಲ್ಲಿನ ಅರಿಶಿಣ

ಬೀಳ್ಕೊಡುಗೆ ಎಂದರೆ ನನಗೆ ಅಷ್ಟಕ್ಕಷ್ಟೇ. ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದವರೂ ಅವತ್ತು ತಬ್ಬಿಕೊಂಡು ಅಳುತ್ತಾರೆ. ಆದರೆ ಅಂಕಿತಾಳನ್ನು ತಬ್ಬಿಕೊಂಡು ನಾನೂ ಅತ್ತೆ. ವಿದ್ಯಾನಗರದ ಹಾಸ್ಟೆಲ್ಲಿನಲ್ಲಿ ನಾನು, ಸುನೀತಾ, ಹರಿಹರದ ಅಂಕಿತಾ ಮೊದಲಿಂದಲೂ ಒಂದೇ ರೂಮಿನವರು. ವಾರ್ಡನ್ ಕಣ್ಣು ತಪ್ಪಿಸಿ ಕೆಟಲಿನಲ್ಲಿ ಮ್ಯಾಗಿ ಬೇಯಿಸಿದ್ದು, ಮೆಸ್ಸಿನ ಸಾರಿಗೆ ಹೆದರಿ ಮಿರ್ಚಿ ಮಂಡಕ್ಕಿಯಲ್ಲೇ ರಾತ್ರಿ ಕಳೆದದ್ದು, ಒಬ್ಬಳಿಗೆ ಜ್ವರ ಬಂದರೆ ಮೂವರೂ ಕಾಲೇಜಿಗೆ ಚಕ್ಕರ್ ಹೊಡೆದದ್ದು, ಅಂಥ ಸುಖ ಇನ್ನು ಸಿಗುವುದಿಲ್ಲ.

ಅಂಕಿತಾಗೆ ಬಿ.ಎಡ್. ಮಾಡಿ ಗಣಿತದ ಟೀಚರಾಗುವ ಆಸೆ. ಡಿಗ್ರಿಯ ಕೊನೆಯ ಪೇಪರ್ ಶುಕ್ರವಾರ, ಅವಳ ಮದುವೆ ಭಾನುವಾರ. ಪರೀಕ್ಷೆ ಬರೆದು ಬಂದ ಮೇಲೇ ಅರಿಶಿಣ ಎಂದು ಹಟ ಹಿಡಿದು ಎರಡೂ ಮನೆಯವರನ್ನು ಒಪ್ಪಿಸಿದ್ದಳು.

ಮದುವೆ ಗೊತ್ತಾದವಳಿಗೆ ಬೀಳ್ಕೊಡುಗೆಯ ದಿನ ಅರಿಶಿಣ ಬಳಿಯುವುದು ನಮ್ಮ ಹಾಸ್ಟೆಲ್ಲಿನ ತಮಾಷೆ. ಮೆಸ್ಸಿನ ಡಬ್ಬಿಯಲ್ಲಿದ್ದದ್ದೇ ಸಾಕಾಗುತ್ತಿತ್ತು. ಈ ಸಲ ಸುನೀತಾ ಪ್ರೀತಿ ಉಕ್ಕಿ, ತನ್ನೂರು ಕುಕ್ಕುವಾಡದ ಅಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿದ ಅರಿಶಿಣ ತಂದಳು. ಹಾಡು, ಆರತಿ ಎಲ್ಲ ಆಯಿತು. ವಿಡಿಯೊಗೆ ‘ದೇವಿ ಅರಿಶಿಣ’ ಎಂದು ಬರೆದು ಸ್ಟೇಟಸ್ಸಿಗೂ ಹಾಕಿದಳು. ಅದು ಯಾರ ಯಾರ ಫೋನು ಹತ್ತಿಳಿದು ಗಂಡಿನ ತಾಯಿಯನ್ನು ಮುಟ್ಟಿತು. ದೇವಿಯ ಅರಿಶಿಣ ಬಿದ್ದಮೇಲೆ ಹುಡುಗಿ ಹೊಸ್ತಿಲು ದಾಟಬಾರದು ಎಂದು ಅಲ್ಲಿಂದ ಅಪ್ಪಣೆ ಬಂತು. ಕೊನೆಯ ಪೇಪರಿಗೆ ಓದಿಕೊಳ್ಳಲು ಮನೆಗೆ ಹೋಗಿದ್ದ ಅಂಕಿತಾ ಒಳಗೇ ಉಳಿದಳು.

ಶುಕ್ರವಾರ ಬೆಳಿಗ್ಗೆ ನಾನೂ ಸುನೀತಾನೂ ಸ್ಕೂಟಿ ಹತ್ತಿ ಹರಿಹರಕ್ಕೆ ಹೋದೆವು. ಬಾಗಿಲಲ್ಲಿ ಮದುವೆ ಚಪ್ಪರ ಎದ್ದಿತ್ತು. ಅವಳ ಅಪ್ಪ ಪಂಚಾಕ್ಷರಪ್ಪ ಅಡ್ಡ ನಿಂತರು.

"ಬೀಗರು ಬ್ಯಾಡ ಅಂದಾರವ್ವ. ನಾನೇನು ಮಾಡ್ಲಿ?"

"ಅಂಕಲ್, ಅದು ಹುಡುಗಾಟರೀ! ನಂದೇ ತಪ್ಪು," ಎಂದು ಸುನೀತಾ ಅಳತೊಡಗಿದಳು.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಅಂಕಿತಾಳ ಅಜ್ಜಿ ಮರುಳಸಿದ್ದಮ್ಮ ಮೊಮ್ಮಗಳ ಕೈ ಹಿಡಿದು ಪಡಸಾಲೆಗೆ ಕರೆತಂದರು.

"ಪಂಚಾಕ್ಷರಿ, ದಾರಿ ಬಿಡು. ಕೂಸು ಇಷ್ಟು ವರ್ಷ ಓದೈತೆ. ಬೀಗರು ಬಂದು ಕೇಳಿದ್ರೆ ನಾನೇ ಕಳಿಸಿದೆ ಅಂತೀನಿ. ನಡಿಯವ್ವಾ, ಬರೆದು ಬಾ."

ಪಂಚಾಕ್ಷರಪ್ಪ ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು. ನನಗೆ ಜೀವ ಬಂದಂತಾಯಿತು. ಅಂಕಿತಾ ಹೊಸ್ತಿಲ ತನಕ ಬಂದಳು. ದೇವರು ದಿಂಡರೆಂದರೆ ನಮ್ಮೆಲ್ಲರನ್ನೂ ಗೇಲಿ ಮಾಡುತ್ತಿದ್ದವಳು ಅವಳು. ಅಲ್ಲೇ ನಿಂತಳು.

"ಬಾರೇ, ಟೈಮಾಗ್ತೈತೆ!" ಎಂದೆ.

"ನಾನು ಬರಲ್ಲ ರೇವತಿ."

"ಯಾಕೆ? ಅಜ್ಜೀನೇ ಹೋಗು ಅಂತಿದಾರಲ್ಲ?"

"ಅಜ್ಜಿ ಎಷ್ಟು ದಿನ ಇರ್ತಾಳೆ? ನಾಳೆ ಗಂಡಂಗೆ ಜ್ವರ ಬರ್ಲಿ, ಗಾಡಿ ಬೀಳ್ಲಿ, ನಾನು ಇವತ್ತು ಹೊಸ್ತಿಲು ದಾಟಿದ್ದಕ್ಕೇ ಆಯ್ತು ಅಂತಾರೆ. ಸಾಯೋವರ್ಗೂ ಅಂತಾರೆ. ಆ ಮನ್ಯಾಗೆ ಬಾಳೋಳು ನಾನು ಕಣೇ."

ಅಜ್ಜಿ ಅವಳ ಮುಖವನ್ನೇ ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಾವಿಬ್ಬರೂ ವಾಪಸು ಬಂದು ಪರೀಕ್ಷೆ ಬರೆದೆವು. ನನ್ನ ಹಿಂದಿನ ಬೆಂಚು ಖಾಲಿ ಇತ್ತು.

ಸಂಜೆ ಅವಳೇ ಫೋನ್ ಮಾಡಿದಳು. "ಪೇಪರ್ ಓದು," ಎಂದಳು. ಬೇಡವೆಂದರೂ ಬಿಡಲಿಲ್ಲ. ನಾನು ಒಂದೊಂದೇ ಪ್ರಶ್ನೆ ಓದಿದೆ. ಹಿಂದೆ ಹೆಂಗಸರ ಸೋಬಾನೆ, ಪಾತ್ರೆಗಳ ಸದ್ದು. ಅದರ ನಡುವೆ ಅವಳು ಒಂದೊಂದನ್ನೂ ಬಾಯಲ್ಲೇ ಬಿಡಿಸುತ್ತ ಹೋದಳು. ನಾನು ಬಿಟ್ಟು ಬಂದಿದ್ದ ಲೆಕ್ಕಕ್ಕೆ ಬಂದಾಗ ಸ್ವಲ್ಪ ತಡೆದು, ಅದನ್ನೂ ಮಾಡಿದಳು.

"ಸರಿ ಐತಾ?" ಎಂದು ಕೇಳಿದಳು.

"ಎಲ್ಲಾ ಸರಿ ಐತೆ," ಎಂದೆ.

"ಅಂಕಿತಾ, ಬಾರೇ, ಬಳೆಗಾರ ಬಂದಾನೆ!" ಎಂದು ಯಾರೋ ಕೂಗಿದರು. ಅವಳು ಫೋನ್ ಇಟ್ಟಳು.