ಸುಡದ ಕೈ

ನಮ್ಮ ಕಣಕಟ್ಟೆ ಸುತ್ತಿನಲ್ಲಿ ಮದುವೆಯೆಂದರೆ ಮುದ್ದೆ ಕಟ್ಟಲು ದೇವೀರಮ್ಮನೇ ಬರಬೇಕಿತ್ತು. ಬೇರೆ ಹೆಂಗಸರು ಕೈಯನ್ನು ನೀರಿಗೆ ಅದ್ದಿ ಅದ್ದಿ ಕಟ್ಟಿದರೆ, ಈಕೆ ಹಬೆಯಾಡುವ ಹಿಟ್ಟನ್ನು ಒಣಗೈಯಲ್ಲೇ ಉರುಳಿಸುತ್ತಿದ್ದಳು. ದೇವರು ಕೊಟ್ಟ ಕೈ ಎಂದು ಹೊಗಳಿದ್ದೇ ಹೊಗಳಿದ್ದು. ನಾವೆಂಥ ದಡ್ಡರು ನೋಡಿ, ಆ ಕೈಗೆ ಬಿಸಿ ತಗುಲಿದ್ದೇ ಗೊತ್ತಾಗುತ್ತಿರಲಿಲ್ಲ.

ಬರಬರುತ್ತಾ ಅಂಗೈ ಬೊಬ್ಬೆಯೆದ್ದು ಹುಣ್ಣಾಯಿತು, ಬೆರಳು ಮಡಿಚಿಕೊಂಡವು. ಅದು ಎಂಬತ್ತೆರಡನೇ ಇಸವಿ. ಕುಷ್ಠ ಎಂಬ ಮಾತು ಹಬ್ಬಿದ ವಾರದಲ್ಲೇ ಗಂಡ ಮರುಳಪ್ಪ ಅವಳನ್ನು ತೆಂಗಿನ ತೋಟದ ಕೊನೆಯ ಗುಡಿಸಲಿಗೆ ಸಾಗಿಸಿದ. ಊಟವನ್ನು ಬೇಲಿಯ ಕಲ್ಲಿನ ಮೇಲೆ ಇಟ್ಟು ಬರುತ್ತಿದ್ದರು. ಕೆಲವು ದಿನ ಅವಳಿಗಿಂತ ಮೊದಲು ನಾಯಿ ಬರುತ್ತಿತ್ತು. ಎಂಟು ತಿಂಗಳು ಹೀಗೇ ಕಳೆಯಿತು, ನಾವ್ಯಾರೂ ಬಾಯಿ ಬಿಡಲಿಲ್ಲ.

ಆಗ ಅರಸೀಕೆರೆಯಿಂದ ಬಸ್ಸಿನಲ್ಲಿ ಸಿಸ್ಟರ್ ಲೂಸಿ ಬಂದರು. ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿ, ಕುಷ್ಠರೋಗಿಗಳನ್ನು ಹುಡುಕಿಕೊಂಡು ಊರೂರು ಅಲೆಯುವವರು. ನೇರ ಗುಡಿಸಲಿಗೆ ಹೋಗಿ ಹುಣ್ಣು ತೊಳೆದರು. ನಾವು ನಾಲ್ಕು ಜನ ಬೇಲಿಯ ಬಳಿ ನಿಂತು ನೋಡಿದೆವು.

"ಯಾಕ್ರೀ ಮುಟ್ತೀರಿ? ಇದು ಹಿಂದ್ಲ ಜನ್ಮದ ಕರ್ಮ," ಎಂದ ಮರುಳಪ್ಪ. "ನಮ್ ಜಾತಿ ಕೆಡ್ಸಾಕ್ ಬಂದೀರಾ?"

ನಿಮ್ಮ ಜಾತಿ ನಿಮಗಿರಲಿ, ನನಗೆ ಈಕೆಯ ಕೈ ಉಳಿದರೆ ಸಾಕು ಎಂದರು ಸಿಸ್ಟರ್. ಬಟ್ಟೆ ಸುತ್ತುತ್ತಲೇ ತಮ್ಮ ಸಂತ ಕ್ಯಾಮಿಲಸರ ಕಥೆ ಹೇಳಿದರು. ನಾನೂರು ವರ್ಷದ ಹಿಂದೆ ಇಟಲಿಯಲ್ಲಿ ಸಿಪಾಯಿಯಾಗಿದ್ದವರಂತೆ. ಮುಂಗೋಪಿ, ಜೂಜಿನಲ್ಲಿ ಎಲ್ಲ ಕಳೆದುಕೊಂಡವರು. ಕಾಲಿನ ಹುಣ್ಣಿಗೆಂದು ಆಸ್ಪತ್ರೆ ಸೇರಿದರೆ ಜಗಳಗಂಟನೆಂದು ಹೊರಹಾಕಿದರು. ಮನಸ್ಸು ತಿರುಗಿದ ಮೇಲೆ ಅದೇ ಆಸ್ಪತ್ರೆಯಲ್ಲಿ ನಿಂತು, ಯಾರಿಗೂ ಬೇಡವಾದ ರೋಗಿಗಳ ಹೇಲುಚ್ಚೆ ಬಳಿದರು. ಇರುವ ಒಬ್ಬ ಮಗ ಹಾಸಿಗೆ ಹಿಡಿದರೆ ತಾಯಿ ಹೇಗೆ ನೋಡುತ್ತಾಳೋ ಹಾಗೆ ನೋಡಿ ಎಂದು ಜೊತೆಯವರಿಗೆ ಕಲಿಸಿದರು. ಅವರ ಹುಣ್ಣು ಮಾತ್ರ ಸಾಯುವತನಕ ಮಾಯಲಿಲ್ಲ. ಕಾಲು ಊರಲಾಗದ ದಿನ ತೆವಳಿಕೊಂಡೇ ರೋಗಿಗಳ ಹತ್ತಿರ ಹೋಗುತ್ತಿದ್ದರಂತೆ.

"ಅವರಿಗೆ ಮದ್ದಿರಲಿಲ್ಲ," ಎಂದರು ಸಿಸ್ಟರ್. "ಇವರ ರೋಗಕ್ಕೆ ಮಾತ್ರೆ ಇದೆ. ಆದ್ರೂ ಇವರನ್ನ ಇಲ್ಲಿ ಹಾಕಿದ್ದೀರಿ."

ಮರುಳಪ್ಪ ಜಗ್ಗಲಿಲ್ಲ. ಇವಳಿಲ್ಲವೆಂದು ಮನೆಗೆಲಸವೇನೂ ನಿಂತಿಲ್ಲ, ಮಗಳು ರುದ್ರಮ್ಮ ಎಲ್ಲ ನೋಡಿಕೊಳ್ಳುತ್ತಾಳೆ ಎಂದ. "ಮುದ್ದೆ ಕಟ್ಟೋದ್ರಲ್ಲಿ ಅವ್ವನ್ನೇ ಮೀರ್ಸವ್ಳೆ. ಅವ್ಳ್ಗೂ ಕೈ ಸುಡಾಕಿಲ್ಲ ಕಣ್ರೀ."

ಸಿಸ್ಟರ್ ಬಟ್ಟೆ ಸುತ್ತುವುದನ್ನು ನಿಲ್ಲಿಸಿದರು. ಹುಡುಗಿಯನ್ನು ಕರೆಸಿ, ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಅಂಗೈ ಮುಟ್ಟಿದರು. ಯಾವಾಗ ಮುಟ್ಟುತ್ತೀರಿ ಎಂದು ರುದ್ರಮ್ಮ ಕೇಳಿದಳು. ಅಷ್ಟರಲ್ಲಿ ಮೂರು ಸಲ ಮುಟ್ಟಿಯಾಗಿತ್ತು.

ಮರುಳಪ್ಪ ಮಗಳ ಅಂಗೈ ಹಿಡಿದು ತಾನೇ ಮುಟ್ಟಿ ನೋಡಿದ. ಎಂಟು ತಿಂಗಳಲ್ಲಿ ಮೊದಲ ಸಲ ದೇವೀರಮ್ಮ ಗಂಡನೊಡನೆ ಮಾತಾಡಿದಳು. "ಅವ್ಳನ್ನೂ ಇಲ್ಲಿಗ್ ತಂದ್ ಹಾಕ್ಬ್ಯಾಡಿ."

ಅವತ್ತೇ ಅವನು ಹೆಂಡತಿಯನ್ನು ಕೈಹಿಡಿದು ಮನೆಗೆ ಕರೆತಂದ. ತಾಯಿ ಮಗಳಿಬ್ಬರೂ ಸಿಸ್ಟರ್ ಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗಿದರು. ರುದ್ರಮ್ಮನ ಬೆರಳು ಉಳಿದವು. ದೇವೀರಮ್ಮನ ರೋಗ ಹೋಯಿತು, ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಆ ಪಾಪ ನಮ್ಮೆಲ್ಲರದು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ಮನೆಯವರ ಮೈಕೈ ನೋಡಿ. ಬಣ್ಣ ಮಾಸಿದ ಮಚ್ಚೆ, ಮುಟ್ಟಿದರೆ ಗೊತ್ತಾಗದ ಜಾಗ ಕಂಡರೆ ಮುಚ್ಚಿಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ಪುಕ್ಕಟೆ. ಕುಷ್ಠ ಶಾಪವಲ್ಲ, ವಾಸಿಯಾಗುವ ರೋಗ. ನಿಮ್ಮವರು ಯಾರಾದರೂ ತೋಟದ ಗುಡಿಸಲಲ್ಲಿದ್ದರೆ ಈ ಕಾಗದ ಕೆಳಗಿಡಿ, ಈಗಲೇ ಹೋಗಿ ಕರೆತನ್ನಿ.