ಗಿಳಿ ಅಂಚಿನ ಪಾಲು

ಕಾಂತರಾಜು, ಮಂಜೇಶ್ ಅಣ್ಣತಮ್ಮಂದಿರು ಜಗಳವಿಲ್ಲದೆ ಭಾಗವಾದರು ಎಂದು ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಮಗ್ಗಗಳೇನೋ ಸಲೀಸಾಗಿ ಹಂಚಿಹೋದವು. ಶೆಡ್ಡಿನ ನಡುವೆ ಗೋಡೆಯೂ ಅರ್ಧ ಎದ್ದಿತು. ಸಿಕ್ಕಿಹಾಕಿಕೊಂಡದ್ದು ಅಮ್ಮ ಲಕ್ಷ್ಮೀದೇವಮ್ಮ ಸೀರೆಗೆಂದು ಬರೆದ ಗಿಳಿ ಅಂಚು. ಅದು ಇಬ್ಬರಿಗೂ ಬೇಕು, ಒಬ್ಬರೂ ಬಿಟ್ಟುಕೊಡರು.

ಸೀರೆಯ ಡಿಸೈನುಗಳೆಲ್ಲ ಇದ್ದದ್ದು ಆಫೀಸಿನ ಮೂಲೆಯ ಒಂದು ಕಂಪ್ಯೂಟರ್ ಪೆಟ್ಟಿಗೆಯಲ್ಲಿ. ಅಲ್ಲಿಂದ ಎಲ್ಲ ಮಗ್ಗಗಳಿಗೂ ವೈರು ಎಳೆದಿದ್ದರು. ಯಾವ ಮಗ್ಗ ಕೇಳಿದರೂ ಡಿಸೈನು ಹೋಗಿ ತಲುಪುತ್ತಿತ್ತು. ಪೆಟ್ಟಿಗೆಯೊಳಗೆ ಎರಡು ಡಿಸ್ಕು. ಎರಡು ಡಿಸ್ಕು, ಇಬ್ಬರು ಮಕ್ಕಳು, ಇನ್ನೇನು ಬೇಕು? ಕಣ್ಣು ಮುಚ್ಚಿ ತಲಾ ಒಂದು ಕಿತ್ತುಕೊಂಡರು. ಗಿಳಿ ಯಾರ ಪಾಲಿಗೆ ಬಂತೋ ಅವರದು.

ಮಂಜೇಶ್ ಹೊಸ ಪೆಟ್ಟಿಗೆ ತಂದು ಡಿಸ್ಕು ಹಾಕಿ ನೋಡಿದ. ಗಿಳಿಗಳು ಸಾಲಾಗಿ ಕೂತಿದ್ದವು! ಕುಣಿದೇಬಿಟ್ಟ. ಮುಂದೆ ನೋಡಿದರೆ ನವಿಲು, ಮಾವು, ಅಣ್ಣ ತಾನೇ ಕೂತು ಬಿಡಿಸಿದ ಕಮಲ, ಎಲ್ಲವೂ ಇದ್ದವು. ಕುಣಿತ ನಿಂತಿತು. ಎಲ್ಲವೂ ಇಲ್ಲಿಗೇ ಬಂದಿದ್ದರೆ ಅಣ್ಣನಿಗೆ ಉಳಿದದ್ದೇನು? ಪಾಪ, ಖಾಲಿ ಡಿಸ್ಕು ಹಿಡಿದು ಕೂತಿರುತ್ತಾನೆ. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟ.

ಅರ್ಧ ಗೋಡೆಯ ಹತ್ತಿರ ಅಣ್ಣ ಎದುರಾದ. ಅವನ ಕಂಕುಳಲ್ಲೂ ಒಂದು ಟವೆಲ್ಲು.

"ಲೋ ಮಂಜ, ಮೋಸ ಆಗೋಗಿದೆ ಕಣೋ. ಎಲ್ಲಾ ನನ್ನತ್ರಾನೇ ಬಂದ್ಬಿಟ್ಟಿದೆ. ನಿಂಗೆ ಖಾಲಿ ಡಿಸ್ಕು ಕೊಟ್ಟು ನಾನ್ ಹೆಂಗೋ ಊಟ ಮಾಡ್ಲಿ? ತಗೋ."

"ನನ್ನತ್ರಾನೂ ಎಲ್ಲಾ ಐತಲ್ಲಣ್ಣ!"

ಇಬ್ಬರೂ ಪೆದ್ದುಪೆದ್ದಾಗಿ ಮುಖ ನೋಡಿಕೊಂಡರು. ಮೊದಲು ಆ ಹಳೆಯ ಪೆಟ್ಟಿಗೆ ಜೋಡಿಸಿಕೊಟ್ಟವಳು ಕಾಂತರಾಜುವಿನ ಮಗಳು ಅರ್ಪಿತ. ಗೆಳತಿಯರ ಜೊತೆ ಶಿವಗಂಗೆ ಬೆಟ್ಟ ಹತ್ತಿ ಆಗಷ್ಟೇ ಮನೆಗೆ ಬಂದಿದ್ದಳು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಚಿಕ್ಕಪ್ಪ, ಅವು ಜೋಡಿ ಡಿಸ್ಕು. ಒಂದ್ರಲ್ಲಿ ಬರೆದಿದ್ದು ಆಗಿಂದಾಗ್ಲೇ ಇನ್ನೊಂದ್ರಲ್ಲೂ ಬರ್ಕೊಳತ್ತೆ. ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ. ಹಿಂಗೆ ಬೇರೆ ಬೇರೆ ಇಟ್ರೆ, ಇನ್ಮೇಲೆ ನೀವು ಬರೆದಿದ್ದು ಅಪ್ಪಂಗೆ ಸಿಗಲ್ಲ, ಅಪ್ಪ ಬರೆದಿದ್ದು ನಿಮಗೆ ಸಿಗಲ್ಲ. ಕೆಟ್ರೆ ಅಷ್ಟೇ, ಹೋಯ್ತು."

ಮಂಜೇಶನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅಣ್ಣನೋ, ಡಿಸ್ಕು ಸುತ್ತಿದ್ದ ಟವೆಲ್ಲಿನಲ್ಲೇ ಮೂಗೊರೆಸಿಕೊಂಡ.

ಡಿಸ್ಕುಗಳು ಹಳೆಯ ಪೆಟ್ಟಿಗೆಗೆ ಮರಳಿದವು. ಅರ್ಪಿತ ಏನೇನೋ ಒತ್ತಿದಳು. ಒಂದನ್ನು ನೋಡಿ ಇನ್ನೊಂದು ಬರೆದುಕೊಳ್ಳತೊಡಗಿತು, ಹಸಿರು ದೀಪಗಳು ಮಿನುಗಿದವು.

ಅಷ್ಟರಲ್ಲಿ ಗಾರೆ ಕೆಲಸದವನು ಬಂದು, ಮಿಕ್ಕ ಗೋಡೆ ಎತ್ತಲೋ ಬೇಡವೋ ಎಂದು ಕೇಳಿದ. ಅಣ್ಣತಮ್ಮಂದಿರು ತಲೆ ಕೆರೆದುಕೊಂಡರು. ಬಾಗಿಲಲ್ಲಿ ಕೂತು ಎಲ್ಲ ನೋಡುತ್ತಿದ್ದ ಅಮ್ಮ ಲಕ್ಷ್ಮೀದೇವಮ್ಮನೇ ಬಾಯಿ ಬಿಟ್ಟರು.

"ಎತ್ತಪ್ಪಾ. ಒಂದೇ ಕಡೆ ಇದ್ರೆ ಕಿತ್ತಾಡ್ತಾರೆ. ವೈರ್ ಹೋಗಕ್ಕೆ ಮಾತ್ರ ಒಂದು ತೂತು ಬಿಡು."