ಹಾಸಿಗೆಯಮ್ಮನ ಮೆಟ್ಟಿಲು

"ಆ ಮೈಕು ಹೊಸ್ತಿಲು ದಾಟಿ ಒಳಗೆ ಬಂತೋ, ನಿನ್ನ ತಲೆ ಮೇಲೇ ಕುಟ್ಟಿ ಪುಡಿ ಮಾಡ್ತೀನಿ, ನೋಡ್ಕೊ!"

ಮಗಳು ಕೂಗಿದ ರಭಸಕ್ಕೆ ಅಣ್ಣನ ಸಹಾಯಕ ಮೈಕನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದ. ಬಿಳಿ ಅಂಗಿ, ಕಿವಿಯಲ್ಲಿ ಒಂದು ವೈರು.

"ಹಾಗಲ್ಲ ಅಕ್ಕಾ. ಸಾಹೇಬರು ಎತ್ತೋ ಮುಂಚೆ ಎರಡು ಮಾತು ಆಡ್ತಾರೆ, ಅಷ್ಟೇ. ಬೀದಿ ತುಂಬ ಜನ ಕಾಯ್ತಿದ್ದಾರೆ."

"ನನ್ನಮ್ಮ ಸತ್ತು ಮಲಗಿದ್ದಾಳೆ. ನೀವು ಸಭೆ ಮಾಡೋಕೆ ಬಂದಿದ್ದೀರಾ?"

"ಸಾಹೇಬರಿಗೂ ಅಮ್ಮಾನೇ ಅಲ್ವಾ?"

"ಯಾವತ್ತಿಂದಪ್ಪಾ? ಊರೂರಲ್ಲಿ ಮಲತಾಯಿ ಮಲತಾಯಿ ಅಂತ ಡಂಗುರ ಹೊಡೀವಾಗ ಈ ಅಮ್ಮ ಎಲ್ಲಿಗೆ ಹೋಗಿದ್ಲು?"

ಮಾತಿನ ಕೊನೆಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಗೋಡೆ ಹಿಡಿದು ಬಗ್ಗಿ ಕೆಮ್ಮಿದಳು. ಸೋದರಮಾವ ನೀರಿನ ಲೋಟ ಚಾಚಿದ. ಅವಳು ಅದನ್ನು ತಳ್ಳಿದಳು.

ಇರುವುದೊಂದೇ ಕೋಣೆ. ಹತ್ತಿಯ ಮೂಟೆಗಳನ್ನು ಗೋಡೆಗೆ ಒತ್ತಿ ಪೇರಿಸಿದ್ದರು. ಹಿಂಜುವ ಬಿಲ್ಲು ಮೊಳೆಗೆ ನೇತುಬಿದ್ದಿತ್ತು. ನಡುವೆ ಹಾಸಿಗೆಯಮ್ಮ ತನ್ನ ಹಾಸಿಗೆಯ ಮೇಲೇ ಮಲಗಿದ್ದಳು. ಊರಿಗೆಲ್ಲ ಹಾಸಿಗೆ ಹೊಲಿದವಳು ತಾನು ಚಾಪೆಯ ಮೇಲೆ ಮಲಗಿದಳು ಎಂದು ಯಾರಾದರೂ ಕತೆ ಕಟ್ಟಿದರೆ ನಂಬಬೇಡಿ. ಊರಲ್ಲೇ ಒಳ್ಳೆಯ ಹಾಸಿಗೆ ಅವಳದು. "ಮೈಮುರಿದು ದುಡಿಯೋಳು ನಾನು, ಮೆತ್ತಗೆ ಮಲಗೋಕೆ ಇನ್ಯಾರ ಅಪ್ಪಣೆ ಬೇಕು?" ಎನ್ನುತ್ತಿದ್ದಳು. ಹಳೆಯ ಹಾಸಿಗೆ ರಿಪೇರಿಗೆ ಬಂದರೆ ಬಿಚ್ಚಿ ನೋಡಿ ಆ ಮನೆಯ ಗುಟ್ಟು ಹೇಳುತ್ತಿದ್ದಳು. ಎರಡು ಗುಂಡಿ ಬಿದ್ದಿದ್ದರೆ ಗಂಡಹೆಂಡಿರಿಗೆ ಮಾತಿಲ್ಲ, ಒಂದೇ ಗುಂಡಿಯಾದರೆ ಅವರಲ್ಲೊಬ್ಬರು ನೆಲದ ಮೇಲೆ ಮಲಗುತ್ತಾರೆ. ಹೇಳಿ ತಾನೇ ನಗುತ್ತಿದ್ದಳು. ಬಾಯಿ ಹರಿತ, ಕೈ ಅದಕ್ಕಿಂತ ಹರಿತ.

ಎದುರಿನ ಕಟಿಂಗ್ ಶಾಪಿನ ಮುದುಕ ಬಾಗಿಲಲ್ಲಿ ಇಣುಕಿದ.

"ನಿಮ್ಮ ಮೆಟ್ಟಿಲನ್ನ ನಾಲ್ಕು ಜನ ಸೇರಿ ಒರೆಸ್ತಿದ್ದಾರೆ ಕಣಮ್ಮ. ಏನು ಯೋಗ ಅದಕ್ಕೆ! ಹೋದ ವರ್ಷ ಪೇಪರಿನವರು ಅದರ ಫೋಟೋ ಹಿಡ್ಕೊಂಡು ಹೋದ್ರು. ಇಷ್ಟು ಕಾಲ ಕತ್ತರಿ ಆಡಿಸಿದೆ, ನನ್ನ ಕುರ್ಚಿ ಕಡೆ ಒಬ್ಬನೂ ತಿರುಗಿ ನೋಡಲಿಲ್ಲ."

ಆ ಮೆಟ್ಟಿಲಿನಿಂದಲೇ ಮಗಳ ಅಣ್ಣನಿಗೆ 'ಮೆಟ್ಟಿಲಣ್ಣ' ಎಂಬ ಹೆಸರು ಬಂದದ್ದು. ಯಾವ ಸಭೆಗೆ ಹೋದರೂ ಅವನ ಮೊದಲ ಮಾತು ಒಂದೇ. "ನನ್ನ ಮಲತಾಯಿ ತನ್ನ ಮಗಳನ್ನ ಒಳಗಿಟ್ಕೊಂಡು, ನನ್ನನ್ನ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡಳು. ಬಾಗಿಲ ಹೊರಗೆ ಬೆಳೆದವನಿಗೆ ಬಾಗಿಲ ಹೊರಗಿರೋರ ಕಷ್ಟ ಗೊತ್ತು." ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಆಮೇಲೆ ಮತ ಹಾಕುತ್ತಿದ್ದರು. ಇಲ್ಲಿ ನಲ್ಲಿಯ ಹತ್ತಿರ ಹೆಂಗಸರು ಹಾಸಿಗೆಯಮ್ಮನ ಕೊಡ ಕಂಡರೆ ಮುಖ ತಿರುಗಿಸುತ್ತಿದ್ದರು. ಒಬ್ಬರಂತೂ ಮದುವೆಗೆಂದು ಕೊಟ್ಟಿದ್ದ ಹಾಸಿಗೆಯನ್ನು ಅರ್ಧ ಹೊಲಿದಿದ್ದಾಗಲೇ ಎತ್ತಿಕೊಂಡು ಹೋದರು. ಮಲತಾಯಿಯ ಕೈ ತಾಗಿದ ಹಾಸಿಗೆಯಲ್ಲಿ ಮಕ್ಕಳಾಗುವುದು ಬೇಡವಂತೆ.

ಇವತ್ತು ಹಾಗಾಗಬಾರದು ಎಂದು ಮಗಳು ಹಟ ಹಿಡಿದಿದ್ದಳು. ಅಣ್ಣ ಮೈಕು ಹಿಡಿಯಲಿ, ಹಿಡಿದರೆ ನಿಜ ಹೇಳಲಿ. ಅಮ್ಮ ಈ ಬೀದಿಯನ್ನು ಕೊನೆಯ ಸಲ ದಾಟುವಾಗಲಾದರೂ ಅವಳ ಹೆಸರಿಗೆ ಅಂಟಿದ ಕೆಸರು ತೊಳೆಯಲಿ. ಇಲ್ಲವಾದರೆ ಹೆಣ ಎತ್ತಲು ಬಿಡುವುದಿಲ್ಲ.

*

ಅಣ್ಣನ ಹೆತ್ತತಾಯಿ ತೀರಿಕೊಂಡ ಮೇಲೆ ಹಾಸಿಗೆಯಮ್ಮ ಆ ಮನೆಗೆ ಎರಡನೆಯವಳಾಗಿ ಬಂದಳು. ಮಾರನೆಯ ವರ್ಷ ಮಗಳು ಹುಟ್ಟಿದಳು. ಗಂಡ ಲಾರಿ ಡ್ರೈವರು. ಮನೆಯಲ್ಲಿದ್ದುದಕ್ಕಿಂತ ರಸ್ತೆಯಲ್ಲಿದ್ದುದೇ ಹೆಚ್ಚು. ಅವನನ್ನು ನೆಚ್ಚಿದರೆ ಒಲೆ ಉರಿಯುವುದಿಲ್ಲವೆಂದು ಗೊತ್ತಾದ ದಿನ ಅವಳು ಹತ್ತಿಯ ಮೂಟೆ ಮನೆಗೆ ತಂದಳು.

ಬಿಲ್ಲು ಡೊಂಯ್ ಡೊಂಯ್ ಎಂದು ಹತ್ತಿ ಹಿಂಜುತ್ತಿದ್ದರೆ ಕೋಣೆಯೆಲ್ಲ ಬೆಳ್ಳಗಾಗುತ್ತಿತ್ತು. ರೆಪ್ಪೆಯ ಮೇಲೆ ಹತ್ತಿ, ಅನ್ನದ ಮೇಲೆ ಹತ್ತಿ. ಹುಡುಗನಿಗೆ ಉಬ್ಬಸ ಹತ್ತಿತು. ತುಟಿ ನೀಲಿಯಾಯಿತು. ಅವಳು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು.

"ಈ ಧೂಳು ಇವನ ಎದೆಗೆ ವಿಷ. ಹತ್ತಿ ಬಿಡು, ಇಲ್ಲ ಹುಡುಗನನ್ನ ಬಿಡು" ಎಂದ ಕಾಂಪೌಂಡರು.

"ಹತ್ತಿ ಬಿಟ್ಟು ಇವನಿಗೆ ಏನು ತಿನ್ನಿಸಲಿ? ನಿನ್ನ ಔಷಧಿ ಬಾಟಲಿನಾ?"

ಮಾರನೆಯ ದಿನದಿಂದ ಹತ್ತಿ ಒಳಗೆ, ಹುಡುಗ ಹೊರಗೆ, ನಡುವೆ ಬಾಗಿಲು. ಯಾಕೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಮಕ್ಕಳಿಗೆ ಕಾರಣ ಹೇಳುವ ಚಾಳಿ ಆ ಮನೆಯಲ್ಲಿ ಇರಲಿಲ್ಲ. ತಟ್ಟೆ ಹೊರಗೆ ಬರುತ್ತಿತ್ತು, ಹೊದಿಕೆಯೂ ಬರುತ್ತಿತ್ತು. ಜೋರು ಮಳೆಯಾದರೆ ಎದುರಿನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಮಲಗುತ್ತಿದ್ದ.

ಮೆಟ್ಟಿಲ ಮೇಲೆ ಕೂತ ಹುಡುಗ ಸುಮ್ಮನಿರುತ್ತಾನೆಯೇ? ಹೋಗುವವರನ್ನೆಲ್ಲ ಮಾತಾಡಿಸಿದ. ಓದು ಬಾರದವರಿಗೆ ಕಾಗದ ಓದಿ ಹೇಳಿದ. ಯಾರ ಮನೆಯಲ್ಲಿ ಜ್ವರ, ಯಾರಿಗೆ ಕೆಲಸ ಹೋಯಿತು, ಎಲ್ಲ ಅವನ ಬಾಯಲ್ಲಿತ್ತು. ಮೀಸೆ ಮೂಡುವ ಮುಂಚೆಯೇ ನಲ್ಲಿ ಜಗಳಕ್ಕೆ ಅವನ ತೀರ್ಪು ಬೇಕಾಯಿತು. ಒಳಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದ ತಂಗಿ ಬಾಗಿಲಿಗೆ ಕಿವಿ ಕೊಟ್ಟು ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಅವಳ ಪಾಲಿಗೆ ಬಂದದ್ದು ಆ ಕೋಣೆ, ಆಮೇಲೆ ಈ ಕೆಮ್ಮು.

*

ಅಣ್ಣ ತಲೆ ಬಗ್ಗಿಸಿ ಒಳಗೆ ಬಂದ. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ.

"ಪುಟ್ಟಿ, ಗಲಾಟೆ ಮಾಡ್ಬೇಡ" ಎಂದ ಮೆಲ್ಲಗೆ. "ಏನಾಗ್ಬೇಕು ನಿನಗೆ?"

"ಏನಾಗ್ಬೇಕಾ? ಅವಳು ನಿನ್ನನ್ನ ಹೊರಗಿಟ್ಟಿದ್ದು ಯಾಕೆ ಅಂತ ಆ ಜನರ ಮುಂದೆ ಹೇಳು."

"ಧೂಳಿಗೆ."

ಅವಳು ಬೆಪ್ಪಾದಳು. ಅಣ್ಣನಿಗೆ ಗೊತ್ತಿಲ್ಲ ಎಂದೇ ತಿಳಿದಿದ್ದಳು.

"ನಿನಗೆ ಗೊತ್ತಿತ್ತಾ?"

"ಮೊದಲನೇ ಸಲ ಗೆದ್ದಾಗ ಬಂದು ಚಿಕ್ಕಮ್ಮನನ್ನ ಕೇಳಿದ್ದೆ. ಧೂಳು ಕಣೋ, ನಿನ್ನ ಎದೆಗೆ ಆಗ್ತಿರ್ಲಿಲ್ಲ, ಅಂದ್ಲು."

"ಗೊತ್ತಿದ್ದೂ ಊರೆಲ್ಲ ಹೇಳ್ಕೊಂಡು ತಿರುಗಿದ್ಯಾ? ನಾಚಿಕೆ ಆಗಲ್ವಾ ನಿನಗೆ?"

"ಮೈಕಿನ ಮುಂದೆ ನಿಂತು ಧೂಳು ಅಂದ್ರೆ ಯಾರೇ ಕೇಳ್ತಾರೆ? ಜನಕ್ಕೆ ಬಾಗಿಲು ಬೇಕು." ಅವನ ದನಿ ಏರಿತು. "ಆರು ವರ್ಷದವನು ನಾನು. ಮುಚ್ಚಿದ ಬಾಗಿಲ ಹಿಂದೆ ಕಾರಣ ಇದೆ ಅಂತ ಆರು ವರ್ಷದವನಿಗೆ ಗೊತ್ತಾಗುತ್ತಾ? ಆಗ ಅತ್ತಿದ್ದು ನಿಜಾನೇ. ಆ ಅಳುವೇ ನನ್ನನ್ನ ಇಲ್ಲಿ ತನಕ ತಂದಿದ್ದು."

"ಅತ್ತಿದ್ದು ನೀನು. ಅನುಭವಿಸಿದ್ದು ಅವಳು."

"ಮೆಲ್ಲಗೆ ಮಾತಾಡ್ರೋ" ಎಂದ ಸೋದರಮಾವ. "ಹೊರಗೆ ಕೇಳಿಸುತ್ತೆ."

"ಕೇಳಿಸ್ಲಿ! ಅದಕ್ಕೇ ಕೂಗ್ತಿರೋದು!"

ಅಣ್ಣ ಹಾಸಿಗೆಯಮ್ಮನ ಕೈ ಹಿಡಿದುಕೊಂಡ. ದಬ್ಬಣ ಒತ್ತಿ ಒತ್ತಿ ಅವಳ ಹೆಬ್ಬೆರಳು ಚಪ್ಪಟೆಯಾಗಿತ್ತು. ಅದರ ಮೇಲೆ ತನ್ನ ಬೆರಳಾಡಿಸಿದ. ಕಣ್ಣು ತುಂಬಿಕೊಂಡಿತು. ಅದರಲ್ಲಿ ಸುಳ್ಳಿರಲಿಲ್ಲ.

"ಸರಿ" ಎಂದ. "ಇವತ್ತು ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ."

ಅಲ್ಲಿಗೆ ಮಗಳು ಸುಮ್ಮನಾಗಬೇಕಿತ್ತು. ಆಗಿದ್ದಳು ಕೂಡ. ಮೈಯೆಲ್ಲ ಸಡಿಲಾಗಿ ಮೂಟೆಗೆ ಒರಗಿದಳು. ಇಷ್ಟು ವರ್ಷದ ಭಾರ ಇಳಿಯಿತು ಎನಿಸಿತು.

ಅಷ್ಟರಲ್ಲಿ ಅಣ್ಣ ಎದ್ದು ನಿಂತ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ. ತುಟಿ ಅಲ್ಲಾಡುತ್ತಿತ್ತು. ಸಹಾಯಕನತ್ತ ತಿರುಗಿದ.

"ಬರ್ಕೋ. 'ನನ್ನನ್ನು ಹೊರಗೆ ಹಾಕಿದಳು ಅಂದುಕೊಂಡಿದ್ದೆ. ಅಲ್ಲ, ನನ್ನನ್ನು ಉಳಿಸಿದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನು ಧೂಳಿಗೆ ಕೊಟ್ಟು, ನನ್ನನ್ನು ಗಾಳಿಗೆ ಕೊಟ್ಟಳು.' ಹೇಗಿದೆ?"

"ಬೆಂಕಿ ಸಾರ್" ಎಂದ ಸಹಾಯಕ.

"ಪುಟ್ಟಿ, ನೀನೂ ಬಂದು ನನ್ನ ಪಕ್ಕ ನಿಲ್ಲು. ಕೆಮ್ಮು ಬಂದ್ರೆ ಬರಲಿ, ತಡ್ಕೋಬೇಡ."

ಅವಳಿಗೆ ತಲೆ ಕೆಟ್ಟಿತು. ಹಳೆಯ ಕತೆ ಹೋಯಿತು, ಅದಕ್ಕಿಂತ ಚೆಂದದ ಕತೆ ಸಿಕ್ಕಿತು. ಇದರಲ್ಲಿ ಅಮ್ಮನ ಹೆಣವಿದೆ, ತನ್ನ ಕೆಮ್ಮೂ ಇದೆ. ಇನ್ನು ಊರೂರಲ್ಲಿ ಇದು ಓಡುತ್ತದೆ.

"ಮಳೆಗಾಲದಲ್ಲಿ?" ಎಂದಳು.

"ಏನು ಮಳೆಗಾಲ?"

"ಮಳೆಗಾಲದಲ್ಲಿ ಹತ್ತಿ ಹಸಿ. ಬಿಲ್ಲು ಮುಟ್ಟೋ ಹಾಗಿರ್ಲಿಲ್ಲ. ಅಮ್ಮ ಮನೆ ಗುಡಿಸಿ, ಒರೆಸಿ ಇಡ್ತಿದ್ಲು. ಆಗ ಎಲ್ಲಿತ್ತಣ್ಣ ಧೂಳು?"

*

ಹೋದ ಬೇಸಿಗೆಯ ಮಾತು. ಟೀವಿಯಲ್ಲಿ ಅವನು ಮೆಟ್ಟಿಲ ಕತೆ ಹೇಳುತ್ತಿದ್ದ. ಮಗಳು ಚಪ್ಪಲಿ ಎತ್ತಿ ಟೀವಿಗೆ ಬೀಸಿದಳು.

"ಟೀವಿ ಒಡೀಬೇಡ್ವೇ, ಹೊಸದು ತರೋಕೆ ನಿನ್ನಪ್ಪ ಎದ್ದು ಬರ್ತಾನಾ?" ಎಂದಳು ಹಾಸಿಗೆಯಮ್ಮ.

"ಸುಳ್ಳು ಬೊಗಳ್ತಿದ್ದಾನಲ್ಲ!"

"ಪೂರ್ತಿ ಸುಳ್ಳಲ್ಲ ಕಣೆ." ದಬ್ಬಣವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ದಾರ ಪೋಣಿಸುತ್ತಿದ್ದಳು. "ಉಬ್ಬಸ ಇತ್ತು, ನಿಜ. ಆದ್ರೆ ಮಳೆಗಾಲದಲ್ಲಿ ಧೂಳು ಇರ್ಲಿಲ್ಲ. ಆಗಲೂ ಒಳಗೆ ಬಾ ಅನ್ನಲಿಲ್ಲ ನಾನು. ಥೇಟ್ ಅವನಮ್ಮನ ಮುಖ ಅವನದು. ಅದು ಹೊರಗಿದ್ರೆ ಈ ಮನೆ ನಂದು ಅನ್ನಿಸ್ತಿತ್ತು. ಧೂಳು ಅಂತ ಒಂದು ನೆಪ ಸಿಕ್ಕಿತ್ತು. ಕರೀಲಿಲ್ಲ."

ದಾರ ತೂರಿತು. ಗಂಟು ಹಾಕಿ ಹೊಲಿಯತೊಡಗಿದಳು. ಆ ಮಾತು ಮತ್ತೆಂದೂ ಎತ್ತಲಿಲ್ಲ.

*

ಮಗಳು ಅದನ್ನು ಒಂದಕ್ಷರ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಸಿಟ್ಟು ಇಳಿಯಿತು. ಸಿಟ್ಟು ಇಳಿದ ಮೇಲೆ ಏನು ಹೇಳಿದೆ ಎಂಬುದು ತಿಳಿಯಿತು. ಆಗ ನಾಲಿಗೆ ಕಚ್ಚಿಕೊಂಡು ಏನು ಬಂತು?

ಸಹಾಯಕ ಬರೆಯುವುದನ್ನು ನಿಲ್ಲಿಸಿದ್ದ. ಸೋದರಮಾವ ಹಣೆಗೆ ಕೈ ಒತ್ತಿಕೊಂಡು ಮೂಲೆಯಲ್ಲಿ ಕುಸಿದಿದ್ದ.

"ನಗ್ತಾ ಹೇಳಿದ್ಲಾ?" ಎಂದು ಕೇಳಿದ ಅಣ್ಣ.

"ಇಲ್ಲ. ದಾರ ಪೋಣಿಸ್ತಾ ಹೇಳಿದ್ಲು."

"ಹಂಗಾದ್ರೆ ನಿಜ." ಅವನು ನಗಲು ನೋಡಿದ, ಆಗಲಿಲ್ಲ. "ಎಷ್ಟು ಸಲ ಹೇಳಿದ್ದೀನಿ ಪುಟ್ಟಿ, ಅವಳಿಗೆ ನಾನು ಬೇಡವಾಗಿದ್ದೆ ಅಂತ. ಹೇಳೋವಾಗೆಲ್ಲ ಒಳಗೆ ಒಂದು ಧೈರ್ಯ ಇತ್ತು. ಇದು ಸುಳ್ಳು ಅನ್ನೋ ಧೈರ್ಯ."

"ಅಣ್ಣಾ, ಸಿಟ್ಟಲ್ಲಿ ಅಂದೆ ಕಣೋ. ಧೂಳೂ ನಿಜಾನೇ. ಹೆಗಲ ಮೇಲೆ ಹೊತ್ಕೊಂಡು ಓಡಿದ್ದೂ ನಿಜಾನೇ..."

ಅವನು ಕೇಳಿಸಿಕೊಳ್ಳಲಿಲ್ಲ. ಹೆಣದ ಮುಖವನ್ನು ಮತ್ತೊಮ್ಮೆ ನೋಡಿದ. ಕೇಳಬೇಕಾದ್ದು ಏನೋ ಇದೆ, ಕೇಳಬೇಕಾದವಳು ಇಲ್ಲ ಎಂಬಂತೆ ನಿಂತು, ತಿರುಗಿ ಹೊರಟ.

ಅವನು ಬಾಗಿಲಲ್ಲಿ ಕಂಡ ಕೂಡಲೇ ಜನರ ಸದ್ದಡಗಿತು. ಸಹಾಯಕ ಓಡಿ ಬಂದು ಬಾಯಿಯ ಹತ್ತಿರ ಮೈಕು ಹಿಡಿದ. ಅವನು ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದ. ಜನ ದಾರಿ ಬಿಟ್ಟರು. ಮಾತಾಡಲು ಜಾಗ ನೋಡುತ್ತಿದ್ದಾನೆ ಎಂದುಕೊಂಡರು. ಅವನು ಕಾರನ್ನೂ ದಾಟಿ ನಡೆದ.

"ಬರ್ತಾನೆ ಬಿಡು, ದುಃಖ ಪಾಪ" ಎಂದ ಸೋದರಮಾವ. ಹೊರುವವರು ಬಂದು ನಿಂತರು. ಒಂದು ಹೆಗಲು ಕಡಿಮೆಯಿತ್ತು.

"ಎಲ್ಲಿ ಬರ್ತಾನೆ?" ಎಂದ ಕಟಿಂಗ್ ಶಾಪಿನ ಮುದುಕ. ಅಂಗಿಯ ತೋಳು ಮಡಚಿ, ಆ ಜಾಗಕ್ಕೆ ತಾನೇ ಹೆಗಲು ಕೊಟ್ಟ.

ಮಗಳು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಬೀದಿಯ ತುದಿಯಲ್ಲಿ ಬಸ್ಸೊಂದು ನಿಂತಿತು. ಅಣ್ಣ ಹತ್ತಿದ. ಒಳಗಿದ್ದವರು ಗುರುತು ಹಿಡಿದರು. ಒಬ್ಬರ ಹಿಂದೊಬ್ಬರು ಎದ್ದು ನಿಂತು, ಒಳಗೆ ಬನ್ನಿ, ಇಲ್ಲಿ ಕೂತ್ಕೊಳ್ಳಿ ಎಂದು ಕೈಬೀಸಿ ಕರೆಯುವುದು ಕಿಟಕಿಗಳಲ್ಲಿ ಕಾಣುತ್ತಿತ್ತು. ಬಸ್ಸು ಹೊರಟಿತು. ತಿರುವು ದಾಟುವವರೆಗೂ ಅವನು ಫುಟ್‌ಬೋರ್ಡಿನ ಮೇಲೆ ಕಂಬಿ ಹಿಡಿದು ನಿಂತೇ ಇದ್ದ. ಒಳಗೆ ಹೋಗಲಿಲ್ಲ.